ಬಂದೂಕಿನ ನಳಿಗಿಗೆ ಕುಸುಬಿ ಎಣ್ಣಿ ಹಚ್ಚಿದ್ರ ನಡೀತೈತೇನ್ರಿ?

ಪ್ರಶ್ನೆ: ಖಾನಾಪುರ ತಾಲೂಕಿನ್ಯಾಗ ನಮ್ಮ ಹೊಲ ಐತ್ರಿ, ಅಪ್ಪಾರ ಹೆಸರಲೆ ಲೈಸನ್ಸ್ ಇರೂ 12 ಬೋರ್ ಜೋಡಿ ನಳಿಗಿ ಬಂದೂಕ ಐತಿ. ಮಳಿ ಚಾಲೂ ಆತಂದ್ರ ನಳಿಗಿಗೆ ಜಂಗು ಹಿಡಿತೈತಿ. ಮನ್ಯಾಗ ಹೆಂಗ ಕ್ಲೀನ್ ಮಾಡೂದು, ಕುಸುಬಿ ಎಣ್ಣಿ ಹಚ್ಚಿದ್ರ ನಡೀತೈತೇನ್ರಿ?

ಕುಸುಬಿ ಎಣ್ಣಿ ಮಾತ್ರ ಬ್ಯಾಡ್ರಿ. ನಮ್ಮ ಬಿಜಾಪುರ ಕಡೆನೂ ಭಾಳ ಮಂದಿ ಇದನ್ನ ಕೇಳ್ತಾರ, ಯಾಕಂದ್ರ ಅಡಗಿ ಮನ್ಯಾಗ ಅದು ಯಾವಾಗ್ಲೂ ಇರ್ತೈತಿ, ಆದ್ರ ಕುಸುಬಿ ಎಣ್ಣಿ ಗಾಳಿ ತಾಗಿ ತಾಗಿ ಗಟ್ಟಿ ಆಗೂ ಜಾತಿದು, ಅದಕ್ಕ ಪೇಂಟಿನ್ಯಾಗ ಸೈತ ಬಳಸ್ತಾರ. ನಿಮ್ಮ ಮನಿ ಎಣ್ಣಿ ಡಬ್ಬಿ ಮುಚ್ಚಳದ ಸುತ್ತ ಮುಟ್ಟಿ ನೋಡ್ರಿ, ಹಳದಿ ಅಂಟು ಕುಂತಿರ್ತೈತಿ, ಉಗುರಲೆ ಕೆರದ್ರೂ ಜಲ್ದಿ ಬಿಡಂಗಿಲ್ಲ. ಅದ ಅಂಟು ನಳಿಗಿ ಒಳಗ ಕುಂತು ಧೂಳ ಹಿಡಿತೈತಿ, ಕೆಳಗ ಇಳದ್ರ ಟ್ರಿಗರಿನ ಸ್ಪ್ರಿಂಗೂ ಜಡ ಆಗ್ತಾವ. ಶೇಂಗಾ ಎಣ್ಣಿನೂ ಬ್ಯಾಡ. ಗನ್ ಆಯಿಲ್ ಸಿಗಲಿಲ್ಲಂದ್ರ ಹೊಲಿಗಿ ಮಷಿನ್ನಿಗೆ ಬಿಡೂ ತಿಳಿ ಎಣ್ಣಿ ನಡೀತೈತಿ.

ಲೈಸನ್ಸ್ ಅಪ್ಪಾರದು ಅಂದ್ಮ್ಯಾಲ ಅವ್ರನ್ನ ಕೂಡಿಸ್ಕೊಂಡ ಮಾಡ್ರಿ. ಮೊದ್ಲ ಬಂದೂಕ ಮುರದು, ಅಂದ್ರ ಕೀಲಿನ ಕಡೆ ಬಗ್ಗಿಸಿ ತಗದು, ಎರಡೂ ನಳಿಗಿ ಖಾಲಿ ಅದಾವಂತ ಕಣ್ಣಲೆ ನೋಡ್ರಿ, ಬೆರಳ ಹಾಕಿನೂ ನೋಡ್ರಿ, ಕಾಡತೂಸು ಬ್ಯಾರೆ ಖೋಲ್ಯಾಗ ಇಡ್ರಿ, ಹುಡುಗುರ್ನ ಹೊರಗ ಕಳಸ್ರಿ, ಒಲಿ ಹತ್ರ ಕುಂದರಬ್ಯಾಡ್ರಿ. ಆಮ್ಯಾಲ ಮುಂದಿನ ಕಟ್ಟಿಗಿ ಬಿಚ್ಚಿ ನಳಿಗಿ ಬ್ಯಾರೆ ತಗೀರಿ.

ಸಾಲ್ವೆಂಟ್ (ನಳಿಗಿ ಹೊಲಸ ಕರಗಸೂ ದ್ರವ) ಹಚ್ಚಿದ ಹತ್ತಿ ಅರಿವಿ ತುಂಡನ್ನ ರಾಡಿಗೆ ಸಿಗಿಸಿ ಕಾಡತೂಸು ಕೂಡೂ ಕಡಿಂದ ಬಾಯಿ ಕಡೆ ತಳ್ರಿ, ಉಲ್ಟಾ ಬ್ಯಾಡ, ಹೊಲಸೆಲ್ಲಾ ಒಳಗ ಬರ್ತೈತಿ. ಹತ್ತ ನಿಮಿಷ ನೆನಿಲಿ. ನಂತರ 12 ಬೋರಿನ ಕಂಚಿನ ಬ್ರಷ್ ಆಡಸ್ರಿ. ಕಾಡತೂಸಿನ ಜಾಗಾ ದಾಟಿ ನಳಿಗಿ ಸಣ್ಣಾಗ್ತೈತಲ್ಲ, ಅಲ್ಲಿ ಮತ್ತ ಬಾಯಿ ಹತ್ರ ಚೋಕ್ (ನಳಿಗಿ ಬಾಯಿ ಸ್ವಲ್ಪ ಬಿಗಿ ಆಗೂ ಜಾಗಾ) ಇರೂ ಕಡೆ ಜಾಸ್ತಿ ತಿಕ್ಕಬೇಕು, ಸೀಸ ಮತ್ತ ಪ್ಲಾಸ್ಟಿಕ್ಕಿನ ಬೂದಿ ಬಣ್ಣದ ಗೆರಿ ಅಲ್ಲೇ ಕುಂದರ್ತಾವ. ಒಣ ಅರಿವಿ ಸ್ವಚ್ಛ ಬರೂತನಕ ಒರಸ್ರಿ. ಪಾಲಿಶ್ ಪೇಪರ್ ಮಾತ್ರ ಎಂದೂ ಹಾಕಬ್ಯಾಡ್ರಿ, ಜಂಗಿನ ಜೋಡಿ ನಳಿಗಿನೂ ಸವೀತೈತಿ.

ಈಗ ನಳಿಗಿ ಎತ್ತಿ ಬಾಗಲ ಬೆಳಕಿಗೆ ಹಿಡದು ಒಳಗ ನೋಡ್ರಿ. ಬೆಳಕು ಬಳಿ ಬಳಿ ಆಗಿ ದುಂಡಗ ಕಾಣಬೇಕು. ಎಲ್ಲ್ಯರ ಒಂದ ಬಳಿ ಸೊಟ್ಟ ಆಗಿದ್ರ ಅಲ್ಲಿ ತಗ್ಗೋ ಉಬ್ಬೋ ಬಿದ್ದೈತಿ ಅಂತ ತಿಳೀರಿ, ಜಂಗು ತಿಂದ ಆಳದ ಕುಳಿ ಕಂಡ್ರೂ ಅಷ್ಟ, ಹಾರಸೂದು ಬಂದ್ ಮಾಡಿ ಲೈಸನ್ಸ್ ಇರೂ ಗನ್ ಮಿಸ್ತ್ರಿಗೆ ತೋರಸ್ರಿ, ಇದು ಮನಿ ಕೆಲಸ ಅಲ್ಲ.

ಎಣ್ಣಿ ಎರಡ ಮೂರ ಹನಿ ಸಾಕು, ತೆಳ್ಳಗ ಸವರಿದಂಗ. ಹೆಚ್ಚಾದ್ರ ಇಳದು ಹಿಂದಿನ ಕಟ್ಟಿಗಿ ಕುಡೀತೈತಿ, ಕಟ್ಟಿಗಿ ಮೆತ್ತಗಾಗ್ತೈತಿ. ಹೊರಮೈಗೂ ಹಚ್ರಿ, ಕೈ ಬೆವರಿನ ಉಪ್ಪಿಗೇ ಬೆರಳಿನ ಗುರ್ತಿನ್ಯಾಗ ಜಂಗು ಏಳ್ತೈತಿ. ನಿಮ್ಮ ಖಾನಾಪುರ ಮಳಿಗೆ ಚರ್ಮದ ಚೀಲದಾಗ ಇಡಬ್ಯಾಡ್ರಿ, ಥಂಡಿ ಹಿಡ್ಕೊಂತೈತಿ, ಕೀಲಿ ಹಾಕೂ ಒಣಾ ಕಪಾಟದಾಗ ಇಡ್ರಿ. ಹದಿನೈದ ದಿನಕ್ಕೊಮ್ಮಿ ಒರಸ್ರಿ.

ಇಲೆಕ್ಷನ್ ಬಂದಾಗ ಬಂದೂಕ ಜಮಾ ಮಾಡೂದಿರ್ತೈತಿ. 2024ರಾಗ ನಮ್ಮ ಕಡೆ ಮತದಾನ ಮೇ 7ಕ್ಕ, ಎಣಿಕಿ ಜೂನ್ 4ಕ್ಕ ಆತು, ಕೈಗೆ ವಾಪಸ್ ಬರೂದ್ರಾಗ ಮಳಿಗಾಲ ಬಾಗಲಿಗೆ ಬಂದಿತ್ತು. ನಮ್ಮ ಕಾಕಾರು ಗಡಿಬಿಡಿಯೊಳಗ ಎಣ್ಣಿ ಹಚ್ಚದ ಕೊಟ್ಟಿದ್ರು, ತಂದು ನೋಡಿದ್ರ ಬಾಯಿ ಹತ್ರ ಕೆಂಪ ಪುಡಿ, ಅದನ್ನ ತಗ್ಯಾಕ ಎರಡ ದಿನ ಹಿಡೀತು. ಕೊಡೂ ಮುಂದ ಎಣ್ಣಿ ಹಚ್ಚೇ ಕೊಡ್ರಿ.

ಮತ್ತ ಹಾರಸೂಕಿಂತ ಮೊದ್ಲ, ಪ್ರತಿ ಸಾರಿ, ಒಣ ಅರಿವಿ ಒಮ್ಮಿ ಹಾಯಿಸಿ ಎಣ್ಣಿ ತಗದು ನಳಿಗಿ ಆರಪಾರ ನೋಡ್ರಿ. ಒಂದ ಅರಿವಿ ತುಂಡು ಒಳಗ ಉಳದಿದ್ರೂ ನಳಿಗಿ ಸೀಳಬಹುದು.