ರೆಕ್ಕೆಯ ತುದಿಯಲ್ಲಿ ಹಾವಿನ ತಲೆ: ಇದು ಯಾವ ಪತಂಗ?

ಪ್ರಶ್ನೆ: ಬೆಳಗ್ಗೆ ಎದ್ದು ನೋಡಿದರೆ ಗೋಡೆಯ ಮೇಲೆ ಅಂಗೈಗಿಂತ ದೊಡ್ಡದಾದ ಕಂದು ಪತಂಗ. ರೆಕ್ಕೆಯ ತುದಿ ಥೇಟ್ ಹಾವಿನ ತಲೆ! ಇದು ಅಟ್ಲಾಸ್ ಪತಂಗವೇ? ಮಲೆನಾಡಿನಲ್ಲೂ ಇದೆಯೇ?

ಇಂಥ ಪತಂಗ ಮಲೆನಾಡಿನಲ್ಲೂ ಇದೆ. ಆದರೆ ನೀವು ಕಂಡದ್ದು ಬಹುಶಃ ಅಟ್ಲಾಸ್‌ನ ದಾಯಾದಿ, ಅಟ್ಯಾಕಸ್ ಟ್ಯಾಪ್ರೊಬಾನಿಸ್. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ನೆಲೆ. ಗ್ರೀಕರು ಲಂಕೆಯನ್ನು ಕರೆಯುತ್ತಿದ್ದ ‘ಟ್ಯಾಪ್ರೊಬಾನೆ’ ಎಂಬ ಹೆಸರೇ ಇದಕ್ಕೂ ಅಂಟಿದೆ. 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಅಸಲಿ ಅಟ್ಲಾಸ್, ಹಿಮಾಲಯದ ತಪ್ಪಲು, ಈಶಾನ್ಯ ಭಾರತದಿಂದ ದಕ್ಷಿಣ ಚೀನಾ, ಮಲೇಷ್ಯಾ, ಇಂಡೋನೇಷ್ಯಾದವರೆಗೆ ಹರಡಿದೆ. ಎರಡೂ ಎಷ್ಟು ಹೋಲುತ್ತವೆಂದರೆ, ಬರೀ ಫೋಟೋ ನೋಡಿ ಹೇಳುವುದಕ್ಕಿಂತ ಎಲ್ಲಿ ಸಿಕ್ಕಿತು ಎಂದು ಕೇಳುವುದೇ ಮೇಲು. ನಮ್ಮಲ್ಲಿ ಎಲ್ಲರೂ ಅಟ್ಲಾಸ್ ಎಂದೇ ಕರೆಯುತ್ತಾರೆ, ಅದರಲ್ಲಿ ತಪ್ಪೇನಿಲ್ಲ.

ಮತ್ತೆ ಕಂಡರೆ ಸ್ವಲ್ಪ ಹತ್ತಿರ ಹೋಗಿ ನೋಡಿ. ನಾಲ್ಕೂ ರೆಕ್ಕೆಗಳ ನಡುವೆ ಒಂದೊಂದು ತ್ರಿಕೋನದ ಕಿಟಕಿ ಇರುತ್ತದೆ. ಅಲ್ಲಿ ಬಣ್ಣದ ಪುಡಿ, ಅಂದರೆ ಹುರುಪೆಗಳೇ ಇಲ್ಲ. ಹಾಗಾಗಿ ಹಿಂದಿನ ಗೋಡೆಯ ಬಣ್ಣ ಅದರ ಮೂಲಕ ಕಾಣುತ್ತದೆ. ಮುಂದಿನ ರೆಕ್ಕೆಯ ಬಾಗಿದ ತುದಿಯಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ, ಬಾಯಿ ಸೀಳಿದಂಥ ಗೆರೆ. ಕೆಣಕಿದರೆ ಪತಂಗ ನಿಧಾನಕ್ಕೆ ರೆಕ್ಕೆ ಅಲುಗಿಸುತ್ತದೆ, ಆಗ ಆ ‘ಹಾವು’ ತಲೆಯಾಡಿಸಿದಂತೆ ಕಾಣುತ್ತದೆ. ಹಕ್ಕಿಗಳನ್ನು ಹೆದರಿಸಲು ಈ ವೇಷ ಎನ್ನುವುದು ಹಲವರ ಊಹೆ. ನನಗಂತೂ ಅದು ಒಪ್ಪುವ ಮಾತು.

ಅಟ್ಲಾಸ್ ರೆಕ್ಕೆ ಬಿಚ್ಚಿದರೆ ಸುಮಾರು 24 ಸೆಂ.ಮೀ. ಅಗಲ. ಹೆಣ್ಣಿನದು ದೊಡ್ಡ, ಭಾರದ ಮೈ. ಗಂಡಿನ ಮೀಸೆ ಮಾತ್ರ ಹಕ್ಕಿಯ ಗರಿಯಷ್ಟು ಅಗಲ, ಏಕೆಂದರೆ ದೂರದ ಹೆಣ್ಣಿನ ವಾಸನೆ ಹಿಡಿಯುವುದು ಅದರಿಂದಲೇ. ಹೆಣ್ಣು ಕೂತಲ್ಲೇ ಕೂತು ವಾಸನೆ ಬಿಟ್ಟು ಕಾಯುತ್ತದೆ. ಇಡೀ ದಿನ ಕದಲದ ಪತಂಗ ಕಾಯಿಲೆ ಬಿದ್ದಿದೆ ಎಂದು ಭಾವಿಸಬೇಡಿ.

ಸಕ್ಕರೆ ನೀರನ್ನೂ ಇಡಬೇಡಿ. ಅದಕ್ಕೆ ಉಣ್ಣುವ ಬಾಯಿಯೇ ಇಲ್ಲ. ಹುಳುವಾಗಿದ್ದಾಗ ಎಲೆ ತಿಂದು ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಬದುಕಿ, ಜೋಡಿಯಾಗಿ, ಮೊಟ್ಟೆಯಿಟ್ಟು ಮುಗಿಸುತ್ತದೆ. ಹೊರಗಿನ ಲೈಟ್ ಆರಿಸಿ, ಮುಟ್ಟದೆ ಬಿಡಿ. ಕತ್ತಲಾದ ಮೇಲೆ ತಾನೇ ಹಾರಿಹೋಗುತ್ತದೆ.