ವಿಲೀನವಾದ ಕಂಪನಿಯ ಋಣ ಎಲ್ಲಿಗೆ ಹೋಗುತ್ತದೆ?

ಕಳೆದ ಮುಂಗಾರಿನ ಹೊತ್ತಿಗೆ ಆಳಂದ ತಾಲ್ಲೂಕಿನ ರೈತರೊಬ್ಬರು ಪಹಣಿ ಹಿಡಿದುಕೊಂಡು ನನ್ನ ಕಚೇರಿಗೆ ಬಂದಿದ್ದರು. ಸಾಲ ತೀರಿ ವರ್ಷಗಳೇ ಆಗಿದ್ದರೂ ಅದರ 11ನೇ ಕಾಲಂನಲ್ಲಿ ಕೃಷ್ಣಾ ಗ್ರಾಮೀಣ ಬ್ಯಾಂಕಿನ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ನಮೂದು, ಹಾಗೆಯೇ ಉಳಿದಿತ್ತು. ಅದನ್ನು ತೆಗೆಸಲು ಹೋದ ಕಚೇರಿಯೊಂದರಲ್ಲಿ, ಪಹಣಿಯಲ್ಲಿ ಯಾವ ಬ್ಯಾಂಕಿನ ಹೆಸರಿದೆಯೋ ಅದೇ ಬ್ಯಾಂಕಿನ ಪತ್ರ ಬೇಕೆಂದು ಹೇಳಿ ಕಳಿಸಿದ್ದರು. “ಆ ಬ್ಯಾಂಕೇ ಇಲ್ಲಂದ್ರ ಕಾಗದ ಯಾರ ಬಲ್ಲಿ ತರಬೇಕ್ರಿ?” ಎಂದು ಅವರು ಕೇಳಿದರು. ವಿಲೀನದ ಕುರಿತು ಇದಕ್ಕಿಂತ ನೇರವಾದ ಪ್ರಶ್ನೆಯನ್ನು ದೊಡ್ಡ ಉದ್ಯಮಿಗಳೂ ನನ್ನ ಮುಂದೆ ಇಟ್ಟಿಲ್ಲ.

ಕಲಬುರಗಿಯಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕ್ 2013ರಲ್ಲಿ ಬಳ್ಳಾರಿಯ ಪ್ರಗತಿ ಗ್ರಾಮೀಣ ಬ್ಯಾಂಕಿನೊಂದಿಗೆ ಸೇರಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ ಆಯಿತು. ಅದು 2019ರ ಏಪ್ರಿಲ್ 1ರಂದು ಕಾವೇರಿ ಗ್ರಾಮೀಣ ಬ್ಯಾಂಕಿನೊಂದಿಗೆ, 2025ರ ಮೇ 1ರಂದು ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕಿನೊಂದಿಗೆ ಒಂದಾಗಿ ಇಂದಿನ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿದೆ. ನಿಜಾಮರ ಕಾಲದಲ್ಲಿ, 1941ರಲ್ಲಿ, ಹುಟ್ಟಿದ ನಮ್ಮ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಕೂಡ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಲೀನವಾಯಿತು. ಬ್ಯಾಂಕುಗಳಿಗೆ ಅನ್ವಯಿಸುವ ಕಾನೂನು ಬೇರೆ, ಸಾಮಾನ್ಯ ಕಂಪನಿಗಳಿಗೆ ಅನ್ವಯಿಸುವ 2013ರ ಕಂಪನಿ ಕಾಯ್ದೆ ಬೇರೆ. ಆದರೆ ತಿರುಳು ಒಂದೇ. ಲೀನವಾಗುವ ಸಂಸ್ಥೆಯ ಆಸ್ತಿ, ಸಾಲ, ಕರಾರು, ನಡೆಯುತ್ತಿರುವ ದಾವೆ, ಬರಬೇಕಾದ ಬಾಕಿ ಎಲ್ಲವೂ ಒಂದು ಗೊತ್ತಾದ ದಿನದಿಂದ ಉಳಿಯುವ ಸಂಸ್ಥೆಯವಾಗುತ್ತವೆ, ಮತ್ತು ಲೀನವಾದದ್ದು ದಿವಾಳಿಯ ಯಾವ ಪ್ರಕ್ರಿಯೆಯೂ ಇಲ್ಲದೆ ವಿಸರ್ಜನೆಗೊಳ್ಳುತ್ತದೆ. ಹಾಗಾಗಿ ಆ ರೈತರಿಗೆ ಋಣಮುಕ್ತ ಪತ್ರ ಕೊಡುವ ಅಧಿಕಾರ ಇಂದಿನ ಬ್ಯಾಂಕಿಗೇ ಇತ್ತು. ಪತ್ರದ ಜೊತೆ ಮೂರೂ ವಿಲೀನಗಳ ರಾಜಪತ್ರ ಅಧಿಸೂಚನೆಗಳ ಪ್ರತಿಗಳನ್ನು ಲಗತ್ತಿಸಿ ಕೊಟ್ಟ ಮೇಲೆ ಬೋಜಾ ಇಳಿಯಿತು.

ಮಾಲೀಕತ್ವ ಬದಲಾದುದನ್ನೆಲ್ಲ ವಿಲೀನ ಎನ್ನುವ ರೂಢಿ ನಮ್ಮಲ್ಲಿದೆ, ಅದು ಸರಿಯಲ್ಲ. 2025ರ ಏಪ್ರಿಲ್‌ನಲ್ಲಿ ಅಂಬುಜಾ ಸಿಮೆಂಟ್ಸ್ ಓರಿಯಂಟ್ ಸಿಮೆಂಟ್‌ನ ಷೇರುಗಳನ್ನು ಕೊಂಡು ಅದರ ಹಿಡಿತ ಪಡೆದಾಗ ಚಿತ್ತಾಪುರದ ಕಾರ್ಖಾನೆಯ ಒಡೆತನ ಓರಿಯಂಟ್ ಕಂಪನಿಯ ಹೆಸರಿನಲ್ಲೇ ಉಳಿಯಿತು. ಆ ಕಂಪನಿಯ ಷೇರುಗಳು ಮಾತ್ರ ಕೈ ಬದಲಾಯಿಸಿದವು. ಇದು ಸ್ವಾಧೀನ. ಸೇಡಂನ ವಾಸವದತ್ತಾ ಸಿಮೆಂಟ್‌ನ ಕತೆ ಬೇರೆ. ಕೇಸೋರಾಂ ಇಂಡಸ್ಟ್ರೀಸ್ ತನ್ನ ಸಿಮೆಂಟ್ ವ್ಯವಹಾರವನ್ನು ಬೇರ್ಪಡಿಸಿ ಅಲ್ಟ್ರಾಟೆಕ್‌ಗೆ ವರ್ಗಾಯಿಸಿದ್ದು 2025ರ ಮಾರ್ಚ್ 1ರಿಂದ ಜಾರಿಗೆ ಬಂತು. ಕೇಸೋರಾಂನ ಪ್ರತಿ 52 ಷೇರುಗಳಿಗೆ ಅಲ್ಟ್ರಾಟೆಕ್‌ನ ಒಂದು ಷೇರು ಎಂಬುದು ಗೊತ್ತಾದ ಅನುಪಾತ. ಇಲ್ಲಿ ಕಾರ್ಖಾನೆ ಹೋಯಿತು, ಕೇಸೋರಾಂ ಉಳಿಯಿತು, ಹಳೆಯ ಷೇರುದಾರರ ಕೈಯಲ್ಲಿ ಎರಡೂ ಕಂಪನಿಗಳ ಷೇರುಗಳು ಬಂದವು. ಮಳಖೇಡದ ರಾಜಶ್ರೀ ಸಿಮೆಂಟ್ ಅಂತೂ 1998ರಲ್ಲಿ ಇಂಡಿಯನ್ ರೇಯಾನ್‌ನಿಂದ ಗ್ರಾಸಿಮ್‌ಗೆ, 2010ರಲ್ಲಿ ಸಮೃದ್ಧಿ ಸಿಮೆಂಟ್ ಮೂಲಕ ಅಲ್ಟ್ರಾಟೆಕ್‌ಗೆ ಸೇರಿತು. ಇಂಥ ಬದಲಾವಣೆಗಳಲ್ಲಿ ಕಾರ್ಮಿಕರು ಮೊದಲು ನೋಡಬೇಕಾದದ್ದು ವಿಲೀನ ಅಥವಾ ಬೇರ್ಪಡಿಕೆಯ ಯೋಜನೆಯ ಪತ್ರದಲ್ಲಿರುವ ಸೇವಾ ಮುಂದುವರಿಕೆಯ ಷರತ್ತನ್ನು. ಗ್ರಾಚ್ಯುಟಿಯ ಲೆಕ್ಕ ಸೇರಿದ ಮೊದಲ ದಿನದಿಂದ ಹಿಡಿಯಲ್ಪಡುವುದು ಅದರ ಬಲದಿಂದಲೇ.

ನನ್ನ ಬಳಿ ಬರುವ ಪ್ರಕರಣಗಳು ಇಷ್ಟು ದೊಡ್ಡವಲ್ಲ. ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಅಣ್ಣತಮ್ಮಂದಿರಿಬ್ಬರು ಎರಡು ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಹೆಸರಿನಲ್ಲಿ ಎರಡು ತೊಗರಿ ಬೇಳೆ ಮಿಲ್ಲುಗಳನ್ನು ನಡೆಸುತ್ತಿದ್ದರು. ಅವನ್ನು ಒಂದು ಮಾಡಬೇಕೆಂಬುದು ಅವರ ಇಚ್ಛೆ. ಸಾಮಾನ್ಯವಾಗಿ ವಿಲೀನ ಯೋಜನೆಯನ್ನು ಕಾಯ್ದೆಯ 230ರಿಂದ 232ನೇ ಕಲಮುಗಳ ಅಡಿ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದ ಮುಂದೆ ಇಡಬೇಕು. ಸಣ್ಣ ಕಂಪನಿಗಳಿಗೆ 233ನೇ ಕಲಮು ಹತ್ತಿರದ ದಾರಿ ಕೊಟ್ಟಿದೆ. ಅಲ್ಲಿ ನ್ಯಾಯಮಂಡಳಿಯ ಬದಲು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಪ್ರಾದೇಶಿಕ ನಿರ್ದೇಶಕರ ದೃಢೀಕರಣ ಸಾಕು. ಆದರೆ ಈ ಹತ್ತಿರದ ದಾರಿಯ ಬಾಗಿಲು ಕಿರಿದು. ನ್ಯಾಯಮಂಡಳಿಯ ದಾರಿಯಲ್ಲಿ, ಮತ ಹಾಕಿದವರಲ್ಲಿ ಬಹುಸಂಖ್ಯೆಯವರು ಒಪ್ಪಿ ಅವರ ಷೇರುಗಳ ಮೌಲ್ಯ ಮುಕ್ಕಾಲು ಪಾಲಿನಷ್ಟಿದ್ದರೆ ಯೋಜನೆ ಅಂಗೀಕಾರವಾಗುತ್ತದೆ. 233ರ ಅಡಿಯಲ್ಲಾದರೋ ಕಂಪನಿಯ ಒಟ್ಟು ಷೇರುಗಳ ಶೇ. 90ರಷ್ಟನ್ನು ಹೊಂದಿರುವವರು ಒಪ್ಪಬೇಕು. ಸಭೆಗೆ ಬಾರದವರ ಮೌನವೂ ಇಲ್ಲಿ ವಿರೋಧದಷ್ಟೇ ತೂಗುತ್ತದೆ.

ಈ ಮನೆತನದಲ್ಲಿ ಸೊಲ್ಲಾಪುರಕ್ಕೆ ಕೊಟ್ಟ ಅಕ್ಕನ ಹೆಸರಿನಲ್ಲಿ ಹಳೆಯ ಮಿಲ್ಲಿನ ಶೇ. 12ರಷ್ಟು ಷೇರುಗಳಿದ್ದವು. ಅವರು ಬಾರದೆ ಮೊದಲ ಸಭೆ ಬಿದ್ದುಹೋಯಿತು. ತಮ್ಮಂದಿರು ಬೇಸರ ಪಟ್ಟುಕೊಂಡರು. ಆದರೆ ನಾನು ಹೋಗಿ ಮಾತನಾಡಿದಾಗ ಆ ಅಕ್ಕನ ಆಕ್ಷೇಪ ನ್ಯಾಯವಾಗಿಯೇ ಕಂಡಿತು. ಹಳೆಯ ಮಿಲ್ಲಿನ ಯಂತ್ರಗಳು ಸವೆದಿದ್ದರೂ ಅದರ ಜಾಗ ರಸ್ತೆಗೆ ಹೊಂದಿಕೊಂಡಿದೆ. ಆಸ್ತಿ-ಹೊಣೆಗಳ ಪಟ್ಟಿಯಲ್ಲಿ ಮಾತ್ರ ಅದು ದಶಕಗಳ ಹಿಂದೆ ಕೊಂಡ ಬೆಲೆಯಲ್ಲೇ ಕುಳಿತಿತ್ತು. ಪುಸ್ತಕದ ಬೆಲೆ ಹಿಡಿದು ಷೇರು ವಿನಿಮಯದ ಅನುಪಾತ ಕಟ್ಟಿದ್ದರಿಂದ ಹೊಸ ಯಂತ್ರಗಳಿದ್ದ ಕಿರಿಯ ತಮ್ಮನ ಮಿಲ್ಲಿಗೆ ಹೆಚ್ಚು ಪಾಲು, ಅಕ್ಕನಿಗೆ ಕಡಿಮೆ ಪಾಲು ಬರುತ್ತಿತ್ತು. ನೋಂದಾಯಿತ ಮೌಲ್ಯಮಾಪಕರಿಂದ ಜಾಗಕ್ಕೆ ಇಂದಿನ ಬೆಲೆ ಕಟ್ಟಿಸಿ ಅನುಪಾತವನ್ನು ಮತ್ತೆ ಲೆಕ್ಕ ಹಾಕಿದ ಮೇಲೆ ಅವರು ಸಹಿ ಮಾಡಿದರು. ವಿಲೀನದಲ್ಲಿ ಯಾರಿಗೆ ಎಷ್ಟು ಎಂಬುದು ತೀರ್ಮಾನವಾಗುವುದು ಈ ಅನುಪಾತದಲ್ಲಿಯೇ, ಸಣ್ಣ ಷೇರುದಾರರು ಓದದೆ ಬಿಡುವ ಪುಟವೂ ಅದೇ ಎಂಬುದು ನನಗೆ ಸದಾ ಕಳವಳದ ಸಂಗತಿ.

ಸಾಲ ಕೊಟ್ಟವರ ಒಪ್ಪಿಗೆಯೂ ಬೇಕು. 233ರ ಅಡಿ ಮೌಲ್ಯದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿನ ಸಾಲಗಾರರು ಹ್ಞೂಂ ಎನ್ನಬೇಕು. ಸಾಲಗಾರರು ಎಂಬ ಮಾತನ್ನು ಇಲ್ಲಿ ಕಂಪನಿಯಿಂದ ಹಣ ಬರಬೇಕಾದವರು ಎಂಬ ಅರ್ಥದಲ್ಲಿ ಬಳಸಿದ್ದೇನೆ. ಗಂಜಿನ ಅಡತಿ ಅಂಗಡಿಯ ಹಿರಿಯರೊಬ್ಬರು, ಮಿಲ್ಲು ಲೀನವಾದರೆ ತಮ್ಮ ತೊಗರಿಯ ಬಾಕಿ ಮುಳುಗುತ್ತದೆಯೇ ಎಂದು ಕೇಳಿದರು. ಬಾಕಿ ಮುಳುಗುವುದಿಲ್ಲ. ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಇನ್ನೊಂದು ಮಿಲ್ಲಿನ ಸಾಲ ಎಷ್ಟಿದೆ? ನಾಳೆಯಿಂದ ಆ ಮಿಲ್ಲಿಗೆ ಸಾಲ ಕೊಟ್ಟವರೂ ಅದೇ ಆಸ್ತಿಯ ಮೇಲೆ ಕಣ್ಣಿಟ್ಟು ಇವರ ಪಕ್ಕದಲ್ಲೇ ಸಾಲಿನಲ್ಲಿ ನಿಲ್ಲುತ್ತಾರೆ. ಆದ್ದರಿಂದ ಎರಡೂ ಕಂಪನಿಗಳು ಸಲ್ಲಿಸಬೇಕಾದ ಸಾಲ ತೀರಿಸುವ ಸಾಮರ್ಥ್ಯದ ಘೋಷಣೆಯನ್ನು ತರಿಸಿ ಓದಿದ ನಂತರವೇ ಸಹಿ ಹಾಕುವಂತೆ ಅವರಿಗೆ ತಿಳಿಸಿದೆ.

ಯೋಜನೆಯಲ್ಲಿ ಎರಡು ದಿನಾಂಕಗಳಿರುತ್ತವೆ. ಯಾವ ದಿನದಿಂದ ಎರಡೂ ಲೆಕ್ಕಗಳು ಒಂದಾದವೆಂದು ಭಾವಿಸಲಾಗುತ್ತದೆಯೋ ಅದು ನಿಗದಿತ ದಿನ; ಆದೇಶವನ್ನು ಕಂಪನಿಗಳ ರಿಜಿಸ್ಟ್ರಾರರ ಬಳಿ ದಾಖಲಿಸಿ ವಿಲೀನ ಕೈಗೂಡುವುದು ಜಾರಿಯ ದಿನ. ನಿಗದಿತ ದಿನ ಮೊದಲೇ ಕಳೆದಿದ್ದರೂ ಆದೇಶದ ದಿನದವರೆಗೆ ಜಿಎಸ್‌ಟಿ ಕಾನೂನು ಎರಡೂ ಕಂಪನಿಗಳನ್ನು ಬೇರೆ ಬೇರೆಯೆಂದೇ ಕಾಣುತ್ತದೆ. ವಿಲೀನವಾಗಿ ಇಲ್ಲವಾದ ಕಂಪನಿಯ ಹೆಸರಿನಲ್ಲಿ ಮಾಡಿದ ಆದಾಯ ತೆರಿಗೆ ನಿರ್ಧರಣೆ ಊರ್ಜಿತವಲ್ಲವೆಂದು 2019ರಲ್ಲಿ ಮಾರುತಿ ಸುಜುಕಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇಲಾಖೆಗೆ ವಿಲೀನದ ಸುದ್ದಿ ಬರಹದಲ್ಲಿ ತಲುಪಿಸುವುದು ನಮ್ಮ ಕೆಲಸವೇ. ಜಾಗದ ವಿಷಯದಲ್ಲಿ, ವಿಲೀನದ ಆದೇಶವೂ ಮುದ್ರಾಂಕ ಶುಲ್ಕಕ್ಕೆ ಒಳಪಡುತ್ತದೆಂಬುದು 2003ರ ಹಿಂದೂಸ್ತಾನ್ ಲಿವರ್ ತೀರ್ಪಿನಿಂದಲೇ ಸ್ಪಷ್ಟವಾಗಿದ್ದರೂ, ಆ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದು ಬಂದವರನ್ನು ನಾನು ಕಂಡದ್ದು ಅಪರೂಪ.

ದೃಢೀಕರಣ ಬಂದ ವಾರವೇ ದೊಡ್ಡಣ್ಣನವರು ಹಳೆಯ ಮಿಲ್ಲಿನ ಲೆಕ್ಕದ ಪುಸ್ತಕಗಳನ್ನು ರದ್ದಿಗೆ ಹಾಕಲು ಹೊರಟಿದ್ದರು. ಲೀನವಾದ ಕಂಪನಿಯ ಪುಸ್ತಕ ಮತ್ತು ಕಾಗದಪತ್ರಗಳನ್ನು ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ವಿಲೇವಾರಿ ಮಾಡಬಾರದೆಂದು 239ನೇ ಕಲಮು ಹೇಳುತ್ತದೆ. ಅವು ಈಗ ಹೊಸ ಕಂಪನಿಯ ಮಿಲ್ಲಿನ ಮಹಡಿಯ ಮೇಲೆ, ಎರಡು ಕಬ್ಬಿಣದ ಅಲಮಾರಿಗಳಲ್ಲಿ, ವರ್ಷವಾರು ಜೋಡಿಸಲ್ಪಟ್ಟಿವೆ.