ಚಿರತೆ ಯಾಕೆ ಇಷ್ಟೊಂದು ಇಟ್ಕೊಂಡಿದ್ದೀರಿ?

ಶಿವಮೊಗ್ಗ ಹತ್ತಿರದ ನಮ್ಮ ತ್ಯಾವರೆಕೊಪ್ಪ ಹುಲಿ-ಸಿಂಹ ಧಾಮಕ್ಕೆ ಬಂದವರು ನನ್ನನ್ನು ಜಾಸ್ತಿ ಕೇಳುವುದು ಎರಡು ಪ್ರಶ್ನೆ. "ಡಾಕ್ಟ್ರೇ, ಜಿರಾಫೆ ಯಾವಾಗ ತರಿಸ್ತೀರಿ?" ಇನ್ನೊಂದು, "ಚಿರತೆ ಯಾಕೆ ಇಷ್ಟೊಂದು? ನಮ್ಮ ತೋಟದ ಹಿಂದೇನೇ ಓಡಾಡುತ್ತಲ್ಲ!"

ಹೊರಗಿನ ಪ್ರಾಣಿ ಬರುವ ದಾರಿ ಬೇರೆ. ಒಂದು ಮೃಗಾಲಯ ಇನ್ನೊಂದಕ್ಕೆ ಪ್ರಾಣಿ ಕೊಟ್ಟು ಬದಲಿಗೆ ಬೇರೆಯದನ್ನು ತರಿಸಿಕೊಳ್ಳುತ್ತದೆ, ಅದಕ್ಕೆ ಕೇಂದ್ರ ಮೃಗಾಲಯ ಪ್ರಾಧಿಕಾರದ ಒಪ್ಪಿಗೆ ಬೇಕು. ನಮ್ಮ ಸಿಂಹ ಕೂಡ ಮಲೆನಾಡಿಗೆ ನೆಂಟನೇ, ಭಾರತದ ಕಾಡಲ್ಲಿ ಅದು ಉಳಿದಿರುವುದು ಗುಜರಾತಿನ ಗಿರ್ ಮತ್ತು ಸುತ್ತಲಿನ ಸೌರಾಷ್ಟ್ರ ಸೀಮೆಯಲ್ಲಿ ಮಾತ್ರ. ಚಿರತೆಯನ್ನು ಹಾಗೆ ಯಾರೂ ಆರಿಸಿ ತರುವುದಿಲ್ಲ. ಅದು ಗಾಯವಾಗಿ ಬರುತ್ತದೆ, ಇಲ್ಲವೇ ತಾಯಿ ತಪ್ಪಿ ಬರುತ್ತದೆ.

ಗಾಯ ಅಂದರೆ ಹೆಚ್ಚಾಗಿ ಉರುಳು. ಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಬಾರದೆಂದು ಬೇಲಿ ಸಂದಿಯಲ್ಲಿ ಬೈಕಿನ ಕ್ಲಚ್ ವೈರ್ ಕಟ್ಟಿರುತ್ತಾರೆ. ಹಂದಿಗೆ ಇಟ್ಟಿದ್ದು ಚಿರತೆಯ ಸೊಂಟಕ್ಕೆ ಬೀಳುತ್ತದೆ. ಎಳೆದಷ್ಟೂ ಬಿಗಿಯುತ್ತದೆ. ಅರಿವಳಿಕೆ ಕೊಟ್ಟು ವೈರ್ ಕತ್ತರಿಸಿದಾಗ ಮೈಮೇಲೆ ಒಂದು ಗೆರೆ ಬಿಟ್ಟರೆ ಏನೂ ಕಾಣದೆ ಇರಬಹುದು. "ಚೆನ್ನಾಗೇ ಇದೆ, ಬಿಟ್ಬಿಡಿ ಸಾರ್" ಅನ್ನುತ್ತಾರೆ ಸುತ್ತ ನಿಂತವರು. ಆದರೆ ರಕ್ತ ಓಡಾಟ ನಿಂತಿದ್ದ ಜಾಗದ ಮಾಂಸ ಕೊಳೆಯಲು ಶುರುವಾಗುವುದು ಕೆಲವು ದಿನ ಕಳೆದ ಮೇಲೆ, ಒಳಗೆ ಕರುಳಿಗೋ ಮೂತ್ರಕೋಶಕ್ಕೋ ಪೆಟ್ಟಾಗಿದ್ದರೂ ಗೊತ್ತಾಗುವುದು ಆಮೇಲೆಯೇ. ಅದಕ್ಕೇ ತಕ್ಷಣ ಬಿಡುವುದಿಲ್ಲ. ವೈರನ್ನೋ ಬೋನಿನ ಸರಳನ್ನೋ ಕಚ್ಚಿ ಕೋರೆಹಲ್ಲುಗಳನ್ನು ಮುರಿದುಕೊಂಡಿದ್ದರಂತೂ ಕಾಡಿನ ಬದುಕು ಬಲು ಕಷ್ಟ. ಬೇಟೆಯ ಕುತ್ತಿಗೆ ಹಿಡಿಯುವುದೇ ಆ ಹಲ್ಲು.

ಮರಿಗಳ ವಿಷಯ ನನಗೆ ಇನ್ನೂ ಸಂಕಟ, ಯಾಕೆಂದರೆ ಅದನ್ನು ತಪ್ಪಿಸಬಹುದು. ತಾಯಿ ಬೇಟೆಗೆ ಹೋಗುವಾಗ ಮರಿಗಳನ್ನು ಪೊದೆಯಲ್ಲೋ ಬಂಡೆ ಸಂದಿಯಲ್ಲೋ ಅಡಗಿಸಿ ಹೋಗುತ್ತದೆ. ಕಂಡವರು 'ಪಾಪ, ತಬ್ಬಲಿ' ಅಂದುಕೊಂಡು ಮನೆಗೆ ತಂದು ಹಸುವಿನ ಹಾಲು ಕುಡಿಸುತ್ತಾರೆ. ಮರಿಗೆ ಭೇದಿ ಶುರು. ಅಷ್ಟರಲ್ಲಿ ಊರೆಲ್ಲ ಬಂದು ಫೋಟೊ ತೆಗೆಸಿಕೊಂಡಿರುತ್ತದೆ. ಒಂದು, ಒಂದೂವರೆ ವರ್ಷ ತಾಯಿ ಹಿಂದೆ ತಿರುಗಿ ಕಲಿಯುವ ಬೇಟೆಯನ್ನು ನಾನು ಹಾಲಿನ ಬಾಟಲಿ ಹಿಡಿದುಕೊಂಡು ಹೇಗೆ ಕಲಿಸಲಿ? ಮನುಷ್ಯರ ಹೆದರಿಕೆ ಹೋದ ಚಿರತೆಯನ್ನು ಕಾಡಿಗೆ ಬಿಟ್ಟರೆ ಕೊಟ್ಟಿಗೆ ಬಾಗಿಲಿಗೇ ಬರುತ್ತದೆ, ಅಲ್ವಾ?

ಮರಿ ಕಂಡರೆ ಮುಟ್ಟಬೇಡಿ. ತಾಯಿ ಹತ್ತಿರದಲ್ಲೇ ಇರಬಹುದು, ನಿಮ್ಮ ಜೀವಕ್ಕೂ ಅಪಾಯ. ಜನರನ್ನು, ನಾಯಿಗಳನ್ನು ದೂರ ಕಳಿಸಿ ಅರಣ್ಯ ಇಲಾಖೆಗೆ ಫೋನ್ ಮಾಡಿ. ಆಗಲೇ ಎತ್ತಿಕೊಂಡು ಬಂದಿದ್ದರೂ ಹೆದರಿ ಮುಚ್ಚಿಡಬೇಡಿ, ಎತ್ತಿದ್ದು ಎಲ್ಲಿ ಅಂತ ಸರಿಯಾಗಿ ತೋರಿಸಿ. ಮನುಷ್ಯರ ವಾಸನೆ ತಾಗಿದರೆ ತಾಯಿ ಸೇರಿಸಲ್ಲ ಅನ್ನುವ ಮಾತು ನಂಬಬೇಡಿ. ಸಿಬ್ಬಂದಿ ಸಂಜೆ ಅದೇ ಜಾಗದಲ್ಲಿ ಮರಿಗಳನ್ನು ಬುಟ್ಟಿಯಲ್ಲಿಟ್ಟು ದೂರ ಸರಿದರೆ, ಎಷ್ಟೋ ಸಲ ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ.